‘ಝೆಡ್’, 1969ರ ಸಿನಿಮಾ, ಅಪ್ಪನ ಜೊತೆ ಈಗ ನೋಡೋಣ ಅಂತಿದೀನಿ, ನೋಡಿದವರು ಅನುಭವ ಹೇಳಿ

ಕೇಳಿದ್ದು (ತುಮಕೂರಿಂದ)

ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 71 ವರ್ಷ, ಕೋರ್ಟಲ್ಲಿ ಟೈಪಿಸ್ಟ್ ಆಗಿ ಸೇರ್ಕೊಂಡು ಶಿರಸ್ತೇದಾರ್ ಆಗಿ ರಿಟೈರ್ ಆದವರು. ರಾಜಕೀಯ, ಪೊಲೀಸು, ಕೋರ್ಟು ಇರೋ ಸಿನಿಮಾ ಅಂದ್ರೆ ಪ್ರಾಣ, 1981ರಲ್ಲಿ ‘ಅಂತ’ ಬಂದಾಗ ಥಿಯೇಟರಲ್ಲೇ ನಾಲ್ಕು ಸಲ ನೋಡಿದ್ರಂತೆ. ಕಾಸ್ಟಾ ಗಾವ್ರಾಸ್ ಅನ್ನೋ ಡೈರೆಕ್ಟರ್ದು ‘ಝೆಡ್’ ಅಂತ ಒಂದು ಫ್ರೆಂಚ್ ಸಿನಿಮಾ ಇದೆ, ಒಬ್ಬ ಎಂಪಿನ ಸಭೆ ಮುಗಿಸಿ ಬರುವಾಗ ಬೀದೀಲಿ ಹೊಡೆದು ಸಾಯಿಸ್ತಾರೆ, ಆಮೇಲೆ ಅದರ ತನಿಖೆ, ಇಷ್ಟು ಗೊತ್ತು. ನನ್ನ ಕಷ್ಟ ಏನಂದ್ರೆ ಅಪ್ಪಂಗೆ ಈಗಷ್ಟೇ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಇಂಗ್ಲಿಷ್ ಸಬ್‌ಟೈಟಲ್ ಅಷ್ಟು ಬೇಗ ಓದಕ್ಕಾಗಲ್ಲ. ಇಷ್ಟು ಹಳೇ ಸಿನಿಮಾ ಈಗ ಬೋರ್ ಹೊಡೆಯುತ್ತಾ, ಮೊದಲೇ ಇತಿಹಾಸ ಓದ್ಕೊಂಡು ಕೂರಬೇಕಾ, ಹಿಂದಿಯ ‘ಶಾಂಘೈ’ ಇದೇ ಕತೆ ಅಂತಾರಲ್ಲ ಅದನ್ನೇ ಹಾಕಿದ್ರೆ ಸಾಕಾ? ಲೇಟಾಗಿ ನೋಡಿದವರು ದಯವಿಟ್ಟು ಬರೀರಿ.

ಸಾಗರದಿಂದ

ನೋಡಿ, ಖಂಡಿತ ನೋಡಿ, ನಾನು ನಮ್ಮಪ್ಪನ ಜೊತೇನೇ ನೋಡಿದ್ದು ಅದಕ್ಕೇ ಉದ್ದ ಬರೀತಿದೀನಿ. ನಮ್ದು ಅಡಿಕೆ ತೋಟ, ಅಪ್ಪ ಓದಿದ್ದು ಏಳನೇ ಕ್ಲಾಸು, ಇಂಗ್ಲಿಷ್ ಬರಲ್ಲ. ನಾನು ಪಕ್ಕದಲ್ಲಿ ಕೂತು ಸಬ್‌ಟೈಟಲ್ ಓದಿ ಓದಿ ಕನ್ನಡದಲ್ಲಿ ಹೇಳ್ತಾ ಹೋದೆ. ಸಿನಿಮಾ ಶುರು ಆಗೋದೇ ಒಂದು ಮೀಟಿಂಗಿಂದ, ಕೃಷಿ ಇಲಾಖೆಯ ದೊಡ್ಡ ಮನುಷ್ಯ ಒಬ್ಬ ದ್ರಾಕ್ಷಿ ತೋಟಕ್ಕೆ ಬರೋ ಬೂಷ್ಟು ರೋಗದ ಬಗ್ಗೆ ಮಾತಾಡ್ತಿರ್ತಾನೆ, ಮೈಲುತುತ್ತದ ದ್ರಾವಣ ಹೊಡೀಬೇಕು ಅಂತ, ಎದುರಿಗೆ ಕೂತವರೆಲ್ಲ ಪೊಲೀಸು ಮಿಲಿಟರಿ ಅಧಿಕಾರಿಗಳು, ಅರ್ಧ ಜನ ತೂಕಡಿಸ್ತಿರ್ತಾರೆ. ನಾನು ಇದ್ಯಾಕೆ ಇಷ್ಟು ಹೊತ್ತು ಅಂತ ಓಡಿಸಿಬಿಡೋಣ ಅಂತಿದ್ದೆ, ಅಪ್ಪ ಕೈ ಹಿಡ್ಕೊಂಡ್ರು. ತಡಿಯೇ, ಅವರು ಹೇಳ್ತಿರೋದು ಬೋರ್ಡೋ ಅಲ್ವಾ ಅಂದ್ರು. ನಾವು ಮಳೆಗಾಲಕ್ಕೆ ಮುಂಚೆ ಕೊಳೆ ರೋಗಕ್ಕೆ ಹೊಡೆಯೋದೂ ಅದೇ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಆ ಬೋರ್ಡೋ ಅನ್ನೋ ಹೆಸರೇ ಫ್ರಾನ್ಸಿನ ದ್ರಾಕ್ಷಿ ಸೀಮೆಯಿಂದ ಬಂದಿದ್ದು. ಅಷ್ಟರಲ್ಲಿ ಜನರಲ್ ಎದ್ದು ನಿಂತು ಅದೇ ಮಾತನ್ನ ಮುಂದುವರಿಸ್ತಾನೆ, ದೇಶಕ್ಕೂ ಹಿಂಗೇ ಬೂಷ್ಟು ಹಿಡಿದಿದೆ, ಬೇರೆ ತರ ಯೋಚನೆ ಮಾಡೋ ಜನಾನೇ ಆ ಬೂಷ್ಟು, ರೋಗ ಬರೋಕೆ ಮುಂಚೇನೇ ಔಷಧಿ ಹೊಡೀಬೇಕು ಅಂತ. ಅಪ್ಪ ಸುಮ್ಮನಾದ್ರು. ಸ್ವಲ್ಪ ಹೊತ್ತಾದ್ಮೇಲೆ, ಇವ್ನು ಮನುಷ್ಯರಿಗೆ ಹೊಡಿಯಕ್ಕೆ ಹೊರಟಿದಾನೆ ಅಂತ ಅಂದ್ರು. ಸಿನಿಮಾದಲ್ಲಿ ಆಗಿನ್ನೂ ಏನೂ ನಡೆದಿರಲಿಲ್ಲ!

ಅದಕ್ಕೇ ಹೇಳೋದು, ಮೊದಲ ಐದು ನಿಮಿಷ ಓಡಿಸ್ಬೇಡಿ. ಮತ್ತೆ ಓದಿ ಹೇಳೋ ಕಷ್ಟ ಇದ್ದೇ ಇದೆ, ಮಾತು ಭಾರಿ ಸ್ಪೀಡು, ನಾನು ಹೇಳಿ ಮುಗಿಸೋಷ್ಟರಲ್ಲಿ ಇನ್ನೊಬ್ಬ ಮಾತಾಡಿರ್ತಿದ್ದ. ಎರಡು ಗಂಟೆ ಏಳು ನಿಮಿಷದ ಸಿನಿಮಾನ ನಾವು ಎರಡು ರಾತ್ರಿ ಮಾಡಿ ನೋಡಿದ್ವಿ. ಆ ಎಂಪಿ, ಸಿನಿಮಾದಲ್ಲಿ ಎಲ್ಲರೂ ಡಾಕ್ಟರ್ ಅಂತಾರೆ, ಅವರು ಆಸ್ಪತ್ರೇಲಿ ತೀರ್ಕೊಳ್ಳೋ ತನಕ ಒಂದು ರಾತ್ರಿ, ತನಿಖೆ ಪೂರ್ತಿ ಇನ್ನೊಂದು ರಾತ್ರಿ. ಹಂಗೆ ಮಾಡಿದ್ದು ಒಳ್ಳೇದೇ ಆಯ್ತು, ಮಾರನೇ ದಿನ ಬೆಳಿಗ್ಗೆ ಅಪ್ಪ ತೋಟಕ್ಕೆ ಹೋಗೋ ಮುಂಚೆ, ಆ ಮೂರು ಗಾಲಿ ಗಾಡಿಯವ್ನು ಸಿಕ್ಕಿದ್ನಲ್ಲ, ಅವ್ನನ್ನ ಬಾಯಿ ಬಿಡಿಸ್ತಾರೋ ಇಲ್ವೋ ಅಂತ ಕೇಳಿದ್ರು.

ಇನ್ನೊಂದು. ಕೊನೇಲಿ ದೊಡ್ಡ ದೊಡ್ಡ ಅಧಿಕಾರಿಗಳ ಮೇಲೆ ಚಾರ್ಜು ಹಾಕೋ ಸೀನ್ ಬರುತ್ತೆ, ಮ್ಯೂಸಿಕ್ಕು ಜೋರಾಗುತ್ತೆ, ಮುಗೀತು ಅಂತ ಅಪ್ಪ ಎದ್ದು ಅಡುಗೆಮನೆಗೆ ನೀರು ಕುಡಿಯೋಕೆ ಹೋದ್ರು. ಮುಗಿದಿಲ್ಲ. ಅದಾದ ಮೇಲಿನ ಕೆಲವೇ ನಿಮಿಷಕ್ಕೋಸ್ಕರ ಈ ಸಿನಿಮಾ ಇರೋದು. ಚೊಂಬು ಕೈಲಿ ಹಿಡ್ಕೊಂಡೇ ಬಾಗಿಲಲ್ಲಿ ನಿಂತು ನೋಡಿದ್ರು. ಏನಾಗುತ್ತೆ ಅಂತ ನಾನು ಬರೆಯಲ್ಲ, ನಿಮ್ಮಪ್ಪನ್ನ ಮಾತ್ರ ಏಳೋಕೆ ಬಿಡ್ಬೇಡಿ.

ಬೆಂಗಳೂರಿಂದ

ಪ್ರಾಕ್ಟಿಕಲ್ ವಿಷಯ ಮಾತ್ರ ಹೇಳ್ತೀನಿ. ಇಂಗ್ಲಿಷ್ ಡಬ್ಬಿಂಗ್ ವರ್ಷನ್ ಒಂದಿದೆ, ಸಬ್‌ಟೈಟಲ್ ತಾಪತ್ರಯ ಬೇಡ ಅಂತ ನಾನು ಅದನ್ನ ಹಾಕಿ ಇಪ್ಪತ್ತು ನಿಮಿಷಕ್ಕೆ ಬಿಟ್ಟೆ, ದನಿಗೂ ಮುಖಕ್ಕೂ ಸಂಬಂಧಾನೇ ಇಲ್ಲ. ಫ್ರೆಂಚಲ್ಲೇ ನೋಡಿ, ರಿಸ್ಟೋರ್ ಮಾಡಿದ ಪ್ರಿಂಟ್ ಸಿಕ್ರೆ ಅದನ್ನೇ ಹಾಕಿ, ಅರ್ಧ ಕತೆ ರಾತ್ರಿ ಹೊತ್ತು ರಸ್ತೇಲಿ ನಡೆಯೋದ್ರಿಂದ ಹಳೇ ಕಾಪೀಲಿ ಮಸಿ ಬಳಿದಂಗೆ ಕಾಣುತ್ತೆ. ಸಬ್‌ಟೈಟಲ್ ಅಕ್ಷರದ ಸೈಜು ದೊಡ್ಡದು ಮಾಡಿ, ಬಣ್ಣ ಹಳದಿ ಇಡಿ, ನಮ್ಮ ಮಾವಂಗೆ ಪೊರೆ ಆಪರೇಷನ್ ಆದ್ಮೇಲೆ ನಾನು ಹಂಗೇ ಮಾಡಿದ್ದು, ಬಿಳಿ ಅಕ್ಷರ ಬಿಳಿ ಶರ್ಟಿನ ಮೇಲೆ ಬಂದ್ರೆ ಅವ್ರಿಗೆ ಏನೂ ಕಾಣ್ತಿರಲಿಲ್ಲ. ಮಧ್ಯ ಮಧ್ಯ ಒಂದೊಂದು ಸೆಕೆಂಡಿಗೆ ಹಳೇ ನೆನಪಿನ ಚಿತ್ರ ಫ್ಲ್ಯಾಶ್ ಆಗಿ ಹೋಗುತ್ತೆ, ಅದೇನಪ್ಪ ಅಂತ ಪಾಸ್ ಮಾಡಿ ಹಿಂದಕ್ಕೆ ಹೋಗ್ಬೇಡಿ, ಹಂಗೇ ಬಿಡಿ, ಅರ್ಥ ಆಗುತ್ತೆ.

ಧಾರವಾಡದಿಂದ

ನಾನು ಇದನ್ನ ಎರಡು ಸಲ ನೋಡೀನ್ರಿ, ನಡುವ ಮೂವತ್ತೈದು ವರ್ಷದ ಮ್ಯಾಲೆ ಅಂತರ ಐತಿ. ಮೊದಲನೇ ಸಲ 1979ರಾಗ, ಎಂಎ ಓದಾಕತ್ತಿದ್ದೆ, ಒಂದು ಫಿಲ್ಮ್ ಸೊಸೈಟಿಯವ್ರು ಬಿಳಿ ಪರದೆ ಕಟ್ಟಿ 16 ಎಂಎಂ ಪ್ರೊಜೆಕ್ಟರ್‌ನ್ಯಾಗ ತೋರ್ಸಿದ್ರು, ರೀಲ್ ಬದಲಿ ಮಾಡೂಮುಂದ ಲೈಟ್ ಹಚ್ಚತಿದ್ರು, ಆ ಎರಡು ನಿಮಿಷ ಹಾಲ್‌ನ್ಯಾಗ ಒಬ್ಬರೂ ಮಾತಾಡ್ತಿರಲಿಲ್ಲ. ಎಮರ್ಜೆನ್ಸಿ ಮುಗದು ಎರಡು ವರ್ಷ ಆಗಿತ್ತು ಅಷ್ಟ. ಕಡೀಕ ಮಿಲಿಟರಿ ಸರ್ಕಾರ ಏನೇನು ಬ್ಯಾನ್ ಮಾಡ್ತು ಅಂತ ಒಂದು ಯಾದಿ ಓದ್ತಾರ, ಉದ್ದ ಕೂದಲು, ಮಿನಿ ಸ್ಕರ್ಟ್, ಟಾಲ್‌ಸ್ಟಾಯ್, ತಮ್ಮ ದೇಶದವನ ಆದ ಹಳೇ ಗ್ರೀಕ್ ನಾಟಕಕಾರ ಸೊಫೊಕ್ಲಿಸ್, ಕಡೀಕ ‘ಝೆಡ್’ ಅನ್ನೋ ಒಂದು ಅಕ್ಷರ. ಗ್ರೀಕ್ ಭಾಷಾದಾಗ ಆ ಅಕ್ಷರಲೇ ಶುರು ಆಗೋ ಶಬ್ದಕ್ಕ ‘ಅವ ಬದುಕ್ಯಾನ’ ಅಂತ ಅರ್ಥ, ಮಂದಿ ಗ್ವಾಡಿ ಮ್ಯಾಲೆ ಬರೀತಿದ್ರು. ನಾವು ಹುಡುಗ್ರು ಅದನ್ನ ಕೇಳಿ ಚಪ್ಪಾಳಿ ತಟ್ಟಿದ್ವಿ, ಸಿಟ್ಟಿಗೆ.

ಇತಿಹಾಸ ಇಷ್ಟು ಗೊತ್ತಿದ್ರ ಸಾಕ್ರಿ. ಸಿನಿಮಾದಾಗ ದೇಶದ ಹೆಸರು ಹೇಳೂದಿಲ್ಲ, ಶೂಟಿಂಗ್ ಮಾಡಿದ್ದು ಅಲ್ಜೀರಿಯಾದಾಗ, ಆದ್ರ ಕತಿ ಗ್ರೀಸ್ ದೇಶದ್ದು. ಗ್ರಿಗೋರಿಸ್ ಲಾಂಬ್ರಾಕಿಸ್ ಅಂತ ಒಬ್ಬ ಡಾಕ್ಟರ್, ಪಾರ್ಲಿಮೆಂಟ್ ಸದಸ್ಯ, ಲಾಂಗ್ ಜಂಪ್‌ನ್ಯಾಗ ಇಪ್ಪತ್ತಮೂರು ವರ್ಷ ಅವನ ರೆಕಾರ್ಡ್ ಆ ದೇಶದಾಗ ಯಾರೂ ಮುರದಿರಲಿಲ್ಲ. 1963ರ ಏಪ್ರಿಲ್ 21ಕ್ಕ ಮ್ಯಾರಥಾನ್ ಊರಿಂದ ಅಥೆನ್ಸ್ ಕಡೆ ಶಾಂತಿ ಪಾದಯಾತ್ರಿ ಇತ್ತು, ಸರ್ಕಾರ ಬ್ಯಾನ್ ಮಾಡ್ತು, ಉಳದವ್ರನ್ನ ಪೊಲೀಸರು ತಡದ್ರು, ಇವ ಎಂಪಿ ಅಂತ ಹಿಡಿಯಾಕ ಬರೂದಿಲ್ಲ, ಬ್ಯಾನರ್ ಹಿಡಕೊಂಡು ಒಬ್ಬನ ನಡದ. ಒಂದು ತಿಂಗಳಿಗೆ, ಮೇ 22ರ ರಾತ್ರಿ, ಥೆಸಲೊನಿಕಿ ಊರಾಗ ಸಭಾ ಮುಗಿಸಿ ಹೊರಗ ಬಂದಾಗ ಮೂರು ಗಾಲಿ ಗಾಡ್ಯಾಗ ಬಂದು ತಲಿಗೆ ಹೊಡದ್ರು, ಪೊಲೀಸರು ಅಲ್ಲೇ ಸುತ್ತಲೂ ನಿಂತಿದ್ರು. ಐದು ದಿನಕ್ಕ ತೀರಕೊಂಡ. ಅವನ ಆ ಪಾದಯಾತ್ರಿ ದಿನಕ್ಕ ಸರಿಯಾಗಿ ನಾಲ್ಕು ವರ್ಷಕ್ಕ, 1967ರ ಏಪ್ರಿಲ್ 21ಕ್ಕ, ಕರ್ನಲ್‌ಗಳು ಅಧಿಕಾರ ಕಸಗೊಂಡ್ರು. 1974ರ ತನಕ ಇದ್ರು. ಈ ಸಿನಿಮಾ ಮಾಡೂಮುಂದ ಅವರ ಆಳ್ವಿಕಿನ ನಡದಿತ್ತು, ಇದಕ್ಕ ಸಂಗೀತ ಕೊಟ್ಟ ಮಿಕಿಸ್ ಥಿಯೊಡೊರಾಕಿಸ್ ಅವಾಗ ಗೃಹಬಂಧನದಾಗ ಇದ್ದ. ಸಿನಿಮಾ ಶುರುವಿನಾಗ ಇದರಾಗಿನ ಹೋಲಿಕಿ ಆಕಸ್ಮಿಕ ಅಲ್ಲ, ಬೇಕಂತನ ಮಾಡೇವಿ ಅಂತ ಬರೀತಾರಲ್ಲ, ಅದು ಅವರಿಗೆ ಸುಮ್ನ ಬಂದ ಧೈರ್ಯ ಅಲ್ಲರಿ.

ಎರಡನೇ ಸಲ ನೋಡಿದ್ದು 2015ರ ಡಿಸೆಂಬರ್‌ನ್ಯಾಗ. ಅದ ವರ್ಷ ಆಗಸ್ಟ್ 30, ರವಿವಾರ ಮುಂಜಾನೆ, ಇದ ಊರಾಗ ಕಲ್ಯಾಣ ನಗರದಾಗ ಕಲಬುರ್ಗಿ ಸರ್ ಅವರನ್ನ ಅವರ ಮನಿ ಬಾಗಲದಾಗ ಗುಂಡ್ ಹಾಕಿ ಕೊಂದ್ರು. ಆ ಓಣ್ಯಾಗ ನಾನು ಎಷ್ಟೋ ಸಲ ನಡದು ಹೋಗೀನಿ. 1979ರಾಗ ನನಗ ಮುಖ್ಯ ಅನಿಸಿದ್ದು ಕಡೀ ಭಾಗ, ಆ ಅಧಿಕಾರಿಗಳು ಸಿಕ್ಕಿಬೀಳೂದು. ಈ ಸಲ ನನಗ ಮೊದಲಿನ ಅರ್ಧ ತಾಸು ನೋಡಾಕ ಆಗಲಿಲ್ರಿ. ಸಿನಿಮಾದಾಗ ಕೊಲೆ ಆಕ್ಕೈತಿ ಅಂತ ಡಾಕ್ಟರ್‌ನ ಕಡ್ಯಾವ್ರಿಗೆ ಮೊದಲ ಸುದ್ದಿ ಬಂದಿರ್ತೈತಿ. ಹಾಲ್ ಕೊಡ್ತೀವಿ ಅಂದಾವ್ರು ಕಡೀ ಗಳಿಗ್ಯಾಗ ಆಗೂದಿಲ್ಲ ಅಂತಾರ, ಅವರು ಇನ್ನೊಂದು ಸಣ್ಣ ಹಾಲ್ ಹುಡುಕ್ಯಾಡ್ತಾರ, ಪೊಲೀಸ್ ಸಾಹೇಬ್ರು ನಾವು ಅದೀವಿ ಅಂತ ಭರವಸಿ ಕೊಡ್ತಾರ. ಒಳಗ ಹೋಗೂಮುಂದನ ಡಾಕ್ಟರ್‌ಗೆ ತಲಿಗೆ ಒಂದು ಏಟು ಬೀಳತೈತಿ. ತಲಿ ಹಿಡಕೊಂಡು, ಒಂದು ಗಳಿಗಿ ಸುಧಾರಿಸಿಕೊಂಡು, ಹೋಗಿ ಭಾಷಣ ಮಾಡ್ತಾನ. ವಾಪಸ್ ಮನಿಗೆ ಹೋಗೋ ಮಾರಾಯಾ ಅಂತ ನನ್ನ ಬಾಯಿಂದ ಬಂದು ಬಿಡ್ತು. ಮನ್ಯಾಕಿ ಒಳಗಿಂದ ಯಾರ ಕೂಡ ಮಾತಾಡಾಕತ್ತೀರಿ ಅಂದ್ಲು. ಹಳೇದಾತು ಬೋರ್ ಆಕ್ಕೈತೇನು ಅಂತ ಕೇಳೀರಲ್ಲ, ನನಗ ಎರಡನೇ ಸಲನ ಹೆಚ್ಚು ಹತ್ತಿರ ಬಂತು, ಆ ಮ್ಯಾಲೆ ಇನ್ನೊಮ್ಮೆ ಹಚ್ಚಿ ನೋಡೋ ಧೈರ್ಯ ಆಗಿಲ್ಲ.

ಮಂಗಳೂರಿಂದ

ಎಲ್ಲರೂ ಹೊಗಳಿದ್ದಾರೆ, ನಾನು ಹಿಡಿಸದೇ ಇದ್ದದ್ದನ್ನೂ ಹೇಳ್ತೇನೆ, ನೋಡುವವರಿಗೆ ಗೊತ್ತಿದ್ರೆ ಒಳ್ಳೆಯದಲ್ವಾ. ನಾನು ನೋಡಿದ್ದು ಎರಡು ವರ್ಷ ಹಿಂದೆ. ಗೂಂಡಾಗಳಲ್ಲಿ ಒಬ್ಬನನ್ನು ಸಲಿಂಗಿ ಅಂತ ತೋರಿಸಿ ಅದನ್ನೇ ಅವನ ಕೆಟ್ಟತನದ ಗುರುತು ಎಂಬ ಹಾಗೆ ಮಾಡಿದ್ದಾರೆ, ಅದು ನನಗೆ ತುಂಬ ಚುಚ್ಚಿತು, ಆ ಕಾಲದ ತಪ್ಪು ಅಂತ ಹೇಳಿ ದಾಟಿಸಿ ಬಿಡ್ಲಿಕ್ಕೆ ನನಗೆ ಆಗುವುದಿಲ್ಲ. ಮತ್ತೆ ಐರೀನ್ ಪಾಪಾಸ್‌ನಂಥ ನಟಿಯನ್ನು ಡಾಕ್ಟರನ ಹೆಂಡತಿ ಮಾಡಿ ಇಡೀ ಸಿನಿಮಾದಲ್ಲಿ ನಾಲ್ಕು ಮಾತು ಕೊಟ್ಟಿದ್ದಾರೆ. ಆದ್ರೆ ಆ ನಾಲ್ಕು ಮಾತೂ ಇಲ್ಲದ ಒಂದು ಕಡೆ, ತೀರಿಹೋದ ಗಂಡನ ರೂಮಿನಲ್ಲಿ ಅವಳು ಒಬ್ಬಳೇ ಇರುವುದು, ಅದು ಈಗಲೂ ಕಣ್ಣ ಮುಂದೆ ಉಂಟು.

‘ಅಂತ’ ಇಷ್ಟಪಟ್ಟವರಿಗೆ ಇನ್ನೊಂದು ಮಾತು. ‘ಅಂತ’ದಲ್ಲಿ ಇನ್ಸ್‌ಪೆಕ್ಟರ್ ಸುಶೀಲ್ ಕುಮಾರ್ ಎಲ್ಲವನ್ನೂ ತನ್ನ ಮೈಮೇಲೆ ತಗೊಳ್ತಾನೆ, ಆ ಚಿತ್ರಹಿಂಸೆ ನೋಡಿ ನಮ್ಮ ಮೈ ಉರೀತದೆ. ಇಲ್ಲಿ ಆ ತರದ ಹೀರೋ ಇಲ್ಲ. ಸ್ಟಾರ್ ನಟ ಈವ್ ಮೊಂತಾನ್ ಬೇಗ ಸತ್ತು ಹೋಗ್ತಾನೆ. ಮತ್ತೆ ಬರುವುದು ಬಣ್ಣದ ಕನ್ನಡಕ ಹಾಕಿದ ಒಬ್ಬ ಸಣ್ಣ ಪ್ರಾಯದ ಮ್ಯಾಜಿಸ್ಟ್ರೇಟ್, ಟ್ರಾಂಟಿನ್ಯಾಂ ಅಂತ ನಟ, ಕಾನ್ ಫೆಸ್ಟಿವಲ್‌ನಲ್ಲಿ ಬೆಸ್ಟ್ ಆ್ಯಕ್ಟರ್ ಬಂದದ್ದು ಇದಕ್ಕೇ. ಅವನು ಕೂಗುವುದಿಲ್ಲ, ಯಾರ ಪರವೂ ಮಾತಾಡುವುದಿಲ್ಲ, ಕೊಲೆ ಅಂತ ಯಾರಾದರೂ ಅಂದ್ರೆ ಘಟನೆ ಅಂತ ಹೇಳಿ ಅಂತ ತಿದ್ತಾನೆ. ಮುಂದೆ ಒಂದು ಹೊತ್ತಿಗೆ ಅವನ ಬಾಯಿಂದಲೇ ಕೊಲೆ ಎಂಬ ಶಬ್ದ ಬರ್ತದೆ. ಅದಕ್ಕೆ ಮ್ಯೂಸಿಕ್ ಇಲ್ಲ ಏನಿಲ್ಲ, ಗಮನ ಕೊಡದಿದ್ರೆ ತಪ್ಪಿ ಹೋಗ್ತದೆ. ನಿಮ್ಮ ತಂದೆಯವರು ಕೋರ್ಟಿನವರಲ್ವಾ, ಅವರಿಗೆ ತಪ್ಪಲಿಕ್ಕಿಲ್ಲ.

ಮೈಸೂರಿಂದ

‘ಶಾಂಘೈ’ ಬಗ್ಗೆ ಕೇಳಿದ್ರಲ್ಲ. ದಿಬಾಕರ್ ಬ್ಯಾನರ್ಜಿದು, 2012, ಅದೂ ವಾಸಿಲಿಸ್ ವಾಸಿಲಿಕೋಸ್ ಬರೆದ ಅದೇ ಗ್ರೀಕ್ ಕಾದಂಬರಿಯಿಂದ ಬಂದಿದ್ದು. ನಾನು ಅದನ್ನ ಮೊದಲು ನೋಡ್ಬಿಟ್ಟೆ, ಹಂಗಾಗಿ ‘ಝೆಡ್’ ನೋಡುವಾಗ ಮುಂದೇನು ಅನ್ನೋದು ಅರ್ಧ ಗೊತ್ತಿತ್ತು, ಇವತ್ತಿಗೂ ಬೇಜಾರಿದೆ. ‘ಝೆಡ್’ ಮೊದಲು ನೋಡಿ, ಒಂದು ವಾರ ಬಿಟ್ಟು ‘ಶಾಂಘೈ’ ಹಾಕಿ. ಹಿಂದೀದು ಚೆನ್ನಾಗೇ ಇದೆ, ನಿಧಾನ, ಅಭಯ್ ದೇವಲ್ ಐಎಎಸ್ ಅಧಿಕಾರಿಯಾಗಿ ತುಂಬಾ ತೂಕದಿಂದ ಮಾಡಿದಾನೆ, ಆದ್ರೆ ‘ಝೆಡ್’ಗಿರೋ ಆ ಓಟ ಇಲ್ಲ. ‘ಝೆಡ್’ಗೆ ಅದು ಬಂದ ವರ್ಷದ ಆಸ್ಕರ್‌ನಲ್ಲಿ ಅಲ್ಜೀರಿಯಾದ ಹೆಸರಲ್ಲಿ ಬೆಸ್ಟ್ ಫಾರಿನ್ ಫಿಲ್ಮ್ ಬಂದಿದ್ರ ಜೊತೆಗೆ ಎಡಿಟಿಂಗ್‌ಗೂ ಬಂತು, ನೋಡಿದ್ರೆ ಯಾಕೆ ಅಂತ ಗೊತ್ತಾಗುತ್ತೆ.

ಜರ್ಮನಿಯಿಂದ

ನಾನು ಸಿನಿಮಾಗೆ ಬಂದಿದ್ದು ಓಟದಿಂದ. ಅಥೆನ್ಸ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೆ, ನವೆಂಬರಲ್ಲಿ ನಡೆಯುತ್ತೆ, ಮ್ಯಾರಥಾನ್ ಊರಿಂದಾನೇ ಹೊರಟು ಅಥೆನ್ಸಿನ ಹಳೇ ಅಮೃತಶಿಲೆ ಸ್ಟೇಡಿಯಂವರೆಗೂ. 1983ರಿಂದ ಆ ಓಟಾನ ಲಾಂಬ್ರಾಕಿಸ್ ನೆನಪಿಗೆ ಅಂತ ನಡೆಸ್ತಾರೆ ಅಂತ ಅಲ್ಲಿ ಹೋದ್ಮೇಲೇ ಗೊತ್ತಾಗಿದ್ದು, ಯಾರಿವ್ರು ಅಂತ ಹುಡುಕ್ತಾ ಹೋಗಿ ವಾಪಸ್ ಬಂದು ಸಿನಿಮಾ ನೋಡಿದೆ. ಮಧ್ಯ ದಾರೀಲಿ ತುಂಬಾ ದೂರ ಏರು ಇದೆ, ನನ್ನ ಕಾಲು ಸೋತು ನಡೆಯೋಕೆ ಶುರು ಮಾಡಿದ್ದೆ, ಅಕ್ಕಪಕ್ಕ ಸಾವಿರಾರು ಜನ ಓಡ್ತಿದ್ರು, ದಾರಿಯುದ್ದಕ್ಕೂ ಮಕ್ಕಳು ಆಲಿವ್ ಟೊಂಗೆ ಹಿಡ್ಕೊಂಡು ಕೂಗ್ತಿದ್ರು. ಅದೇ ಕಡೆ ಆ ಮನುಷ್ಯ ಒಬ್ಬರೇ ನಡೆದಿದ್ದು ಅಂತ ಸಿನಿಮಾ ನೋಡುವಾಗ ಪೂರ್ತಿ ಅದೇ ತಲೇಲಿತ್ತು. ಇತಿಹಾಸ ಓದ್ಬೇಕಾ ಅಂದ್ರೆ ಧಾರವಾಡದ ಸರ್ ಬರೆದಷ್ಟು ಸಾಕು, ತನಿಖೆ ಏನಾಯ್ತು, ಆಮೇಲೆ ಏನಾಯ್ತು ಅನ್ನೋದನ್ನ ನೋಡಿದ್ಮೇಲೇ ಓದಿ.

ಕೇಳಿದವರು ಮತ್ತೆ (ತುಮಕೂರಿಂದ)

ಎಲ್ರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಭಾನುವಾರ ಎರಡು ರಾತ್ರಿ ಮಾಡಿ ನೋಡಿದ್ವಿ, ಅಕ್ಷರ ದೊಡ್ಡದು ಮಾಡಿ ಹಳದಿ ಹಾಕಿದೆ, ಅರ್ಧ ಅವರೇ ಓದ್ಕೊಂಡ್ರು ಅರ್ಧ ನಾನು ಹೇಳಿದೆ. ಮೊದಲ್ನೇ ದಿನ ಅಷ್ಟೇನೂ ಮಾತಾಡ್ಲಿಲ್ಲ, ನನಗೆ ಹಿಡಿಸಿಲ್ವೇನೋ ಅನ್ಸಿತ್ತು. ಎರಡನೇ ದಿನ ಮ್ಯಾಜಿಸ್ಟ್ರೇಟ್ ವಿಚಾರಣೆ ಶುರು ಮಾಡಿದ ತಕ್ಷಣ ಕುರ್ಚಿ ಮುಂದಕ್ಕೆ ಎಳ್ಕೊಂಡ್ರು.

ಒಬ್ಬ ಸಾಕ್ಷಿ ಬಂದು ಹುಲಿ ತರ ಹಾರಿದ ಅಂತಾನಲ್ಲ, ಮತ್ತೊಬ್ಬನೂ ಅದೇ ಹುಲಿ ಮಾತು ಅಂದ. ಅಪ್ಪ ತಕ್ಷಣ, ಕಲಿಸಿಕೊಟ್ಟ ಸಾಕ್ಷಿ ಕಣೋ ಇದು ಅಂದ್ರು. ಮ್ಯಾಜಿಸ್ಟ್ರೇಟ್ ಅದನ್ನ ಹಿಡಿಯೋದು ಆಮೇಲೆ, ಅಪ್ಪ ಆಗ್ಲೇ ಹಿಡಿದಿದ್ರು. ಬೇರೆ ಬೇರೆ ಕಡೆ ನಿಂತು ನೋಡಿದ ಇಬ್ರು ಒಂದೇ ಪದ ಹೇಳಲ್ಲ, ಒಬ್ಬ ಓಡಿದ ಅಂತಾನೆ ಒಬ್ಬ ಹಾರಿದ ಅಂತಾನೆ, ಒಂದೇ ಪದ ಬಂತು ಅಂದ್ರೆ ಯಾರೋ ಕೂರಿಸಿಕೊಂಡು ಹೇಳಿಕೊಟ್ಟಿದಾರೆ, ಮೂವತ್ತು ವರ್ಷ ಇದನ್ನೇ ಟೈಪ್ ಮಾಡಿದೀನಿ ಅಂದ್ರು. ಅವರ ಕೆಲಸದ ಬಗ್ಗೆ ಇಷ್ಟು ವಿವರವಾಗಿ ನನ್ನ ಹತ್ರ ಮಾತಾಡಿದ್ದು ಇದೇ ಮೊದಲು.

ಅಧಿಕಾರಿಗಳನ್ನ ಒಬ್ಬೊಬ್ಬರನ್ನೇ ಕರೆದು ಹೆಸರು, ಉದ್ಯೋಗ ಅಂತ ಕೇಳ್ತಾ ಟೈಪ್ ಮಾಡಿಸ್ತಾರಲ್ಲ, ಎದೆ ತುಂಬ ಮೆಡಲ್ ಹಾಕ್ಕೊಂಡವರನ್ನ, ಅಲ್ಲಿ ಅಪ್ಪ ಅವರ ಮುಖ ನೋಡ್ತಾನೇ ಇರ್ಲಿಲ್ಲ. ಬೆರಳು ನೋಡ್ತಿದ್ರು, ಟೈಪ್ ಮಾಡೋನ ಬೆರಳು. ಹೆಸರು, ತಂದೆ ಹೆಸರು, ವಯಸ್ಸು, ಉದ್ಯೋಗ, ವಾಸ, ಅಂತ ತಾವೂ ತೊಡೆ ಮೇಲೆ ಬೆರಳಾಡಿಸ್ತಾ ಹೇಳ್ಕೊಂಡ್ರು. ಅವನ ಕೈ ನಡುಗ್ತಿಲ್ಲ ನೋಡು ಅಂದ್ರು.

ಕೊನೇಲಿ ಎದ್ದು ಹೋಗೋಕೆ ಬಿಡ್ಲಿಲ್ಲ, ಸಾಗರದವರು ಹೇಳಿದಂಗೆ. ಮುಗಿದ್ಮೇಲೆ ಲೈಟ್ ಹಾಕ್ಬೇಡ ಅಂದ್ರು, ಸ್ವಲ್ಪ ಹೊತ್ತು ಕತ್ತಲಲ್ಲೇ ಕೂತಿದ್ವಿ. ಆ ಮ್ಯಾಜಿಸ್ಟ್ರೇಟ್ ನಿಜವಾಗ್ಲೂ ಇದ್ದವರಾ, ಏನಾದ್ರು ಅವ್ರು ಅಂತ ಕೇಳಿದ್ರು. ಹುಡುಕಿ ಓದಿ ಹೇಳಿದೆ, ಕ್ರಿಸ್ಟೋಸ್ ಸಾರ್ಟ್ಸೆಟಾಕಿಸ್ ಅಂತ ಹೆಸರು, ಕರ್ನಲ್‌ಗಳ ಕಾಲದಲ್ಲಿ ಅವರನ್ನ ಜೈಲಿಗೆ ಹಾಕಿ ಹಿಂಸೆ ಕೊಟ್ರು, ಆಮೇಲೆ 1985ರಲ್ಲಿ ಅವರೇ ಗ್ರೀಸ್ ದೇಶದ ರಾಷ್ಟ್ರಪತಿ ಆದ್ರು, 2022ರಲ್ಲಿ ತೀರ್ಕೊಂಡ್ರು ಅಂತ. ಅಪ್ಪ ಎರಡು ಸಲ ಆ ಹೆಸರನ್ನ ಹೇಳಿಸ್ಕೊಂಡ್ರು. ಬೆಳಿಗ್ಗೆ ಎದ್ದು ನೋಡಿದ್ರೆ ಫೋನಿನ ಪಕ್ಕ ಇರೋ ಡೈರೀಲಿ, ಹಾಲಿನ ಲೆಕ್ಕದ ಕೆಳಗೆ, ಆ ಹೆಸರು ಕನ್ನಡದಲ್ಲಿ ಬರೆದಿಟ್ಕೊಂಡಿದ್ರು, ಪಕ್ಕದಲ್ಲಿ 1963.